ಮಲ್ಲಿಗೆ ಗಿಡದ ಒಂದು ಮಗ್ಗುಲು

ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲುಮನೆ ಬಾಗಿಲಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಒಂದು ಮಲ್ಲಿಗೆ ಗಿಡವಿದೆ. ಮನೆ ಕಟ್ಟಿಸಿದ ವರ್ಷ ನಮ್ಮ ಮಾವನವರು ಅತ್ತೆಯ ತವರಿನಿಂದ, ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯಿಂದ, ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದ ಕಡ್ಡಿ ಅದು. ಇಪ್ಪತ್ತೆರಡು ವರ್ಷವಾಯಿತು. ಮಾವನವರು ಈಗಿಲ್ಲ. ಗಿಡ ನನ್ನ ಎದೆಮಟ್ಟಕ್ಕೆ ಪೊದೆಯಾಗಿ ಹರಡಿಕೊಂಡಿದೆ.

ಮಾರ್ಚ್ ಬಂತೆಂದರೆ ಅತ್ತೆಗೆ ಬೇರೆ ಕೆಲಸವೇ ಬೇಡ. ಬೆಳಿಗ್ಗೆ ಸ್ನಾನ ಮುಗಿಸಿ ಸ್ಟೀಲಿನ ಬಟ್ಟಲು ಹಿಡಿದು ಹಿತ್ತಲಿಗೆ ಹೋದರೆ ಮೊಗ್ಗು ಬಿಡಿಸಿ ಒಳಗೆ ಬರುವಷ್ಟರಲ್ಲಿ ಎಂಟು ಗಂಟೆ. ಬಾಳೆನಾರಿನಲ್ಲಿ ಕಟ್ಟಿದ ಮೊದಲ ತುಂಡು ದೇವರಿಗಲ್ಲ, ಮಾವನವರ ಫೋಟೋಗೆ. "ದೇವರಿಗೆ ಊರೆಲ್ಲ ಹೂ ಕೊಡ್ತಾರೆ, ಇವರಿಗೆ ನಾನೊಬ್ಬಳೇ" ಅಂತ ಅವರ ಲೆಕ್ಕ. ಆ ಮೇಲೆ ದೇವರು, ಆ ಮೇಲೆ ನಾನು, ಕೊನೆಗೆ ಮಗಳು. ಮಗಳು ಜಡೆಗೆ ಹೂ ಮುಡಿಯೋದು ಬಿಟ್ಟು ನಾಲ್ಕು ವರ್ಷವಾದರೂ ಅವಳ ಪಾಲು ಮಾತ್ರ ತಪ್ಪಿಲ್ಲ. ಅವಳ ಓದುವ ಮೇಜಿನ ಮೇಲೆ ಇಟ್ಟುಬಿಡುತ್ತಾರೆ.

ಈ ವರ್ಷ ಫೆಬ್ರವರಿಯ ಮಧ್ಯದಲ್ಲಿ ಗಿಡ ಯಾಕೋ ಸೊರಗತೊಡಗಿತು.

ಮೊದಲು ನೋಡಿದ್ದು ನಾನೇ. ಬಟ್ಟೆ ಒಣಹಾಕುವಾಗ ಎಲೆಗಳ ತುದಿ ಕಂದು ಬಣ್ಣಕ್ಕೆ ತಿರುಗಿದ್ದು ಕಣ್ಣಿಗೆ ಬಿತ್ತು. ಒಂದು ವಾರದೊಳಗೆ ಆ ಕಂದು ಎಲೆಯ ಅಂಚಿನುದ್ದಕ್ಕೂ ಹರಿದು, ಯಾರೋ ಊದುಬತ್ತಿಯಿಂದ ಸುಟ್ಟ ಹಾಗೆ ಆಯಿತು. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಜೋತು ಬೀಳುತ್ತಿದ್ದವು. ನವೆಂಬರ್ ಕೊನೆಯಲ್ಲಿ ಸವರಿ, ಕೊಟ್ಟಿಗೆ ಗೊಬ್ಬರ ಕೊಟ್ಟು, ಜನವರಿಯಲ್ಲಿ ಒಳ್ಳೇ ಚಿಗುರು ಬಂದಿದ್ದ ಗಿಡ ಅದು. ಇನ್ನೇನು ಮೊಗ್ಗು ಬರಬೇಕಾದ ಹೊತ್ತಲ್ಲಿ ಹೀಗಾದರೆ?

"ಬಿಸಿಲು ಜಾಸ್ತಿ ಕಣ್ರೀ, ನೀರು ಸಾಲ್ತಿಲ್ಲ" ಅಂದೆ ನಮ್ಮವರಿಗೆ. ಅವರು ಪೇಪರಿನಿಂದ ತಲೆ ಎತ್ತದೆ "ಹಾಕು ಮತ್ತೆ" ಅಂದರು. ದಿನಕ್ಕೆ ಒಂದು ಬಕೆಟ್ ಹಾಕುತ್ತಿದ್ದವಳು ಎರಡು ಹಾಕಿದೆ. ನಾಲ್ಕು ದಿನವಾದರೂ ಎಲೆ ಎದ್ದು ನಿಲ್ಲಲಿಲ್ಲ. ಐದನೇ ದಿನ ಬುದ್ಧಿ ಬಂದು ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿದೆ. ಎರಡು ಗೆಣ್ಣು ಒಳಗೆ ಹೋದರೂ ಮಣ್ಣು ತಣ್ಣಗೆ, ಒದ್ದೆಯಾಗಿಯೇ ಇತ್ತು. ನೀರಿದೆ, ಆದರೂ ಗಿಡ ಬಾಡಿದೆ.

ಹಾಗಾದರೆ ನೀರು ಹೆಚ್ಚಾಗಿ ಬೇರು ಕೊಳೆತಿರಬೇಕು ಅಂದುಕೊಂಡೆ. ಎರಡು ದಿನ ನೀರು ನಿಲ್ಲಿಸಿ, ಕುರ್ಚಿಗೆ (ಕೂರುವ ಕುರ್ಚಿಯಲ್ಲ, ಕಳೆ ಕೀಳುವ ಕುರ್ಚಿಗೆ) ತಗೊಂಡು ಬುಡದಿಂದ ಸ್ವಲ್ಪ ದೂರದಲ್ಲಿ ಕೆದಕಿ ನೋಡಿದೆ. ಕೊಳೆತ ಬೇರು ಕಪ್ಪಗಿರುತ್ತೆ, ಎಳೆದರೆ ಸಿಪ್ಪೆ ಕಳಚಿ ಬರುತ್ತೆ, ಮೂಗಿಗೆ ಹಿಡಿದರೆ ಕೆಟ್ಟ ವಾಸನೆ. ನನಗೆ ಸಿಕ್ಕಿದ ಬೇರು ಗಟ್ಟಿಯಾಗಿಯೇ ಇತ್ತು. ವಾಸನೆ ಇರಲಿಲ್ಲ.

ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನಾಚೆಯಿಂದಲೇ "ನುಸಿ ಇರಬೇಕಮ್ಮ, ಬೇವಿನೆಣ್ಣೆ ಹೊಡಿ" ಅಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಮಲ್ಲಿಗೆಗೆ ನುಸಿ ಕಾಟ ಇದ್ದದ್ದೇ. ಒಂದು ಜಾತಿಯ ನುಸಿ ಬಿದ್ದರೆ ಎಲೆ, ಮೊಗ್ಗಿನ ಮೇಲೆ ಬಿಳಿ ರೋಮದಂಥದ್ದು ಬೆಳೆದು ಕಂಬಳಿ ಹೊದ್ದ ಹಾಗೆ ಕಾಣುತ್ತೆ. ನಾನೋ ನೋಡುವುದಕ್ಕೆ ಮೊದಲೇ ಎಣ್ಣೆ ಹೊಡೆದೆ. ಅದೂ ಯಾವಾಗ? ಮಧ್ಯಾಹ್ನ ಹನ್ನೆರಡಕ್ಕೆ, ಸುಡುವ ಬಿಸಿಲಲ್ಲಿ, ಕೈಗೆ ಬಂದಷ್ಟು ಬೆರೆಸಿ. ಎಣ್ಣೆ ಕೂತ ಎಲೆಗಳು ಮರುದಿನ ಇನ್ನಷ್ಟು ಸುಟ್ಟವು. ಬೇವಿನೆಣ್ಣೆ ಹೊಡೆಯುವುದಾದರೆ ಒಂದು ಲೀಟರ್ ನೀರಿಗೆ 5 ಎಂ.ಎಲ್. ಸಾಕು, ಎಣ್ಣೆ ನೀರಲ್ಲಿ ಬೆರೆಯಲು ಒಂದೆರಡು ಹನಿ ಸೋಪು, ಹೊತ್ತು ಸಂಜೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಸರದಲ್ಲಿ ಮರೆಯುವುದು ನನ್ನ ಹುಟ್ಟುಗುಣ.

ಆಮೇಲೆ ಸಮಾಧಾನವಾಗಿ ಕೂತು ಒಂದೊಂದೇ ಎಲೆ ಮಗುಚಿ ನೋಡಿದೆ. ಮಗಳ ನೋಟ್‌ಬುಕ್ಕಿನಿಂದ ಬಿಳಿ ಹಾಳೆ ಹರಿದು, ಕೊಂಬೆಯ ಕೆಳಗೆ ಹಿಡಿದು, ಮೇಲಿನಿಂದ ತಟ್ಟಿದೆ. ನುಸಿ ಇದ್ದರೆ ಹಾಳೆಯ ಮೇಲೆ ಉದುರಿ ಚುಕ್ಕಿಗಳು ಹರಿದಾಡುತ್ತವೆ. ಧೂಳು ಬಿತ್ತು, ಒಂದು ಚಿಕ್ಕ ಜೇಡ ಬಿತ್ತು, ಚುಕ್ಕಿ ಹರಿದಾಡಲಿಲ್ಲ. ಹಿಟ್ಟುತಿಗಣೆ ಇಲ್ಲ, ಅದರ ಹಿಂದೆ ಬರುವ ಇರುವೆ ಸಾಲೂ ಇಲ್ಲ.

ಮಗಳು ಮೊಬೈಲಿನಲ್ಲಿ ಎಲೆಯ ಫೋಟೋ ತೆಗೆದು ಯಾವುದೋ ಆ್ಯಪಿಗೆ ಹಾಕಿದಳು. ಅದು ಮೂರು ಬೇರೆ ಬೇರೆ ರೋಗದ ಹೆಸರು ಹೇಳಿತು. "ಯಾವ್ದು ಬೇಕೋ ಆರಿಸ್ಕೋ ಅಮ್ಮ" ಅಂದಳು.

ಇನ್ನು ಉಳಿದದ್ದು ಪೋಷಕಾಂಶ. ಇದರಲ್ಲೂ ಒಂದು ಸುಲಭದ ಗುರುತಿದೆ. ಕೆಳಗಿನ ಹಳೇ ಎಲೆ ಒಂದೇ ಸಮ ಹಳದಿಯಾದರೆ ಸಾರಜನಕದ ಕೊರತೆ. ತುದಿಯ ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ನಮ್ಮ ಗಿಡದ ಎಲೆ ಎರಡೂ ಅಲ್ಲ. ಹಳದಿಗಿಂತ ಹೆಚ್ಚಾಗಿ ಅಂಚು ಸುಟ್ಟದ್ದೇ ಕಾಣುತ್ತಿತ್ತು. ಆದರೂ "ಸ್ವಲ್ಪ ಶಕ್ತಿ ಬರಲಿ" ಅಂತ ಒಂದು ಹಿಡಿ ಡಿಎಪಿ ಹಾಕಿಬಿಟ್ಟೆ. ಜ್ವರ ಬಂದವರಿಗೆ ಹೋಳಿಗೆ ಊಟ ಹಾಕಿದ ಹಾಗಾಯಿತು. ಗಿಡ ಇನ್ನೂ ಇಳಿದುಹೋಯಿತು.

ಅತ್ತೆ ಇಷ್ಟು ದಿನ ಹೆಚ್ಚು ಮಾತಾಡಿರಲಿಲ್ಲ. ಬೇರೆ ಸಮಯವಾಗಿದ್ದರೆ ಗಿಡದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನನಗೆ ನೂರು ಸಲಹೆ ಕೊಡುತ್ತಿದ್ದವರು. ಈಗ ಹಿತ್ತಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತು, "ಏನಾಯ್ತೋ ಏನೋ, ಯುಗಾದಿಗೆ ಅವರ ಫೋಟೋಗೆ ಹೂ ಇರಲ್ವೇನೋ" ಅನ್ನುತ್ತಿದ್ದರು. ಅವರು ಗೋಡೆ ಹಿಡಿದು ನಿಂತಿದ್ದು ನನಗೆ ಆಗ ಕಂಡಿತ್ತು. ಕಂಡದ್ದನ್ನು ಗಮನಿಸಲಿಲ್ಲ, ಅಷ್ಟೇ.

ಮಾರ್ಚ್ ಎರಡನೇ ವಾರ ಒಂದು ಕೊಂಬೆ ಕತ್ತರಿಸಿ ಕವರಿನಲ್ಲಿ ಹಾಕಿಕೊಂಡು ನಾವು ಯಾವಾಗಲೂ ಹೋಗುವ ನರ್ಸರಿಗೆ ಹೋದೆ. ಅಲ್ಲಿ ಗಿಡ ನೋಡಿಕೊಳ್ಳುವವನು ಇಪ್ಪತ್ತೈದರ ಹುಡುಗ. ಎಲೆಯನ್ನು ಒಂದು ಸಲ ತಿರುಗಿಸಿ ನೋಡಿ ಪಕ್ಕಕ್ಕಿಟ್ಟ.

"ಮೇಡಂ, ಗಿಡ ಪೂರ್ತಿ ಹೀಗಿದೆಯಾ, ಒಂದೇ ಕಡೆನಾ?"

ನಾನು ತಬ್ಬಿಬ್ಬಾದೆ. ಒಂದು ತಿಂಗಳಿಂದ ಎಲೆ ಎಲೆ ನೋಡಿದ್ದೇನೆ, ಗಿಡವನ್ನು ಇಡಿಯಾಗಿ ನೋಡಿದ್ದೇನಾ? ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಕಾಂಪೌಂಡ್ ಕಡೆಯ ಕೊಂಬೆಗಳು ಹಸಿರಾಗಿಯೇ ಇದ್ದವಲ್ಲ. ಬಚ್ಚಲುಮನೆ ಕಡೆಗೆ ಚಾಚಿದ ಮಗ್ಗುಲೇ ಬಾಡಿದ್ದು.

"ಒಂದೇ ಕಡೆ ಅಂದ್ರೆ ಆ ಕಡೆ ಏನೋ ಬೀಳ್ತಿರಬೇಕು ನೋಡಿ. ಸೋಪ್ ನೀರೋ, ಫಿನಾಯಿಲೋ. ಮಣ್ಣಿನ ಮೇಲೆ ಬಿಳೀದು ಏನಾದ್ರೂ ಕಟ್ಟಿದೆಯಾ ನೋಡಿ. ಗೊಬ್ಬರ, ಔಷಧಿ ಏನೂ ಹಾಕಬೇಡಿ ಈಗ" ಅಂದ. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಸಂಕೋಚಕ್ಕೆ ಒಂದು ದೊಡ್ಡಪತ್ರೆ ಗಿಡ ಕೊಂಡು ಬಂದೆ.

ಮನೆಗೆ ಬಂದು ಚೀಲ ಇಡುವ ಮೊದಲೇ ಹಿತ್ತಲಿಗೆ ಹೋದೆ. ಹುಡುಗ ಹೇಳಿದ್ದು ನಿಜ. ಬಚ್ಚಲುಮನೆ ಕಡೆಯ ಮಣ್ಣಿನ ಮೇಲೆ, ಒಣಗಿದ ಜಾಗದಲ್ಲಿ, ತೆಳುವಾಗಿ ಬಿಳಿ ಪುಡಿ. ನಾನು ಸುಣ್ಣದ ನೀರು ಅಂತಲೋ ಏನೋ ಅಂದುಕೊಂಡು ಇಷ್ಟು ದಿನ ಅದರ ಮೇಲೇ ಕಾಲಿಟ್ಟು ಓಡಾಡಿದ್ದೆ.

ಮೊದಲ ಅನುಮಾನ ಹೋದದ್ದು ಕೆಲಸದವಳ ಮೇಲೆ. ಹೇಳಲು ನಾಚಿಕೆಯಾಗುತ್ತೆ, ಆದರೆ ಹಾಗೇ ಆಯಿತು. ನೆಲ ಒರೆಸಿದ ಫಿನಾಯಿಲ್ ನೀರು ಇವಳೇ ಗಿಡಕ್ಕೆ ಸುರೀತಿದ್ದಾಳೆ ಅಂತ ತೀರ್ಮಾನ ಮಾಡಿಕೊಂಡೇ, "ಒರೆಸಿದ ನೀರು ಎಲ್ಲಿ ಚೆಲ್ತೀಯ?" ಅಂತ ಸ್ವಲ್ಪ ಗಡಸಾಗಿ ಕೇಳಿದೆ. ಅವಳ ಮುಖ ಸಣ್ಣಗಾಯಿತು. "ಮೋರಿಗೇ ಹಾಕೋದು ಅಕ್ಕ, ನಾನ್ಯಾಕೆ ಹೂವಿನ ಗಿಡಕ್ಕೆ ಹಾಕ್ಲಿ?" ಅಂದಳು. ಇನ್ನೂ ಏನೋ ಹೇಳಲು ಬಾಯಿ ತೆಗೆದು, ಒಳಗೆ ಕೂತಿದ್ದ ಅತ್ತೆಯ ಕಡೆ ಒಂದು ಸಲ ನೋಡಿ, ಸುಮ್ಮನಾದಳು.

ಸಂಜೆ ಒಬ್ಬಳೇ ಇದ್ದಾಗ ಆ ಬಿಳಿ ಪುಡಿಯನ್ನು ಬೆರಳ ತುದಿಗೆ ಅಂಟಿಸಿಕೊಂಡು ನಾಲಗೆಗೆ ಮುಟ್ಟಿಸಿದೆ. ನೀವು ಹೀಗೆ ಮಾಡಬೇಡಿ, ಗೊತ್ತಿಲ್ಲದ ಪುಡಿ ಬಾಯಿಗೆ ಹಾಕುವುದು ಪೆದ್ದುತನ. ಆದರೆ ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಉಪ್ಪು.

ಉಪ್ಪು ಅಂದ ಕೂಡಲೇ ಇನ್ನೊಂದು ನೆನಪಾಯಿತು. ಎರಡು ತಿಂಗಳಿಂದ ಮನೆಯಲ್ಲಿ ಕಲ್ಲುಪ್ಪು ಬೇಗ ಬೇಗ ಮುಗಿಯುತ್ತಿತ್ತು. ಉಪ್ಪಿನಕಾಯಿ ಹಾಕುವ ಕಾಲವೂ ಅಲ್ಲ. ಅಂಗಡಿಯವರು "ಏನು ಮೇಡಂ, ಮತ್ತೆ ಕಲ್ಲುಪ್ಪಾ?" ಅಂತ ನಕ್ಕಿದ್ದರು. ನಾನೂ ನಕ್ಕು ತಂದಿದ್ದೆ.

ಆ ರಾತ್ರಿ ನಿದ್ದೆ ಮಾಡದೆ ಕಾದೆ ಅಂತೇನಲ್ಲ. ಹತ್ತೂವರೆಗೆ ನೀರು ಕುಡಿಯಲು ಎದ್ದೆ. ಬಚ್ಚಲುಮನೆಯಲ್ಲಿ ದೀಪ ಉರಿಯುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಸೀರೆ ಮೊಣಕಾಲಿನವರೆಗೆ ಎತ್ತಿಕೊಂಡು, ಎರಡೂ ಕಾಲನ್ನು ನೀಲಿ ಟಬ್ಬಿನಲ್ಲಿ ಇಟ್ಟಿದ್ದರು. ನೀರಿನಿಂದ ಹಬೆ ಏಳುತ್ತಿತ್ತು.

"ಅತ್ತೆ, ಇದೇನು ಈ ಹೊತ್ತಲ್ಲಿ?"

"ಏನಿಲ್ಲ ಕಣೇ, ಕಾಲು ಸ್ವಲ್ಪ ಉರಿ. ಉಪ್ಪಿನ ನೀರಲ್ಲಿ ಇಟ್ಕೊಂಡ್ರೆ ಹಾಯಾಗತ್ತೆ. ನೀನು ಮಲಗು ಹೋಗು."

"ದಿನಾ ಇಟ್ಕೋತೀರಾ?"

"ಸಂಕ್ರಾಂತಿ ಆದ್ಮೇಲಿಂದ."

"ನೀರು ಏನ್ಮಾಡ್ತೀರಾ?"

"ಆರಿದ ಮೇಲೆ ಗಿಡಕ್ಕೆ ಹಾಕ್ತೀನಿ. ಬೇಸಿಗೆ, ಸುಮ್ಮನೆ ಮೋರಿಗೆ ಯಾಕೆ? ತೆಂಗಿನ ಮರಕ್ಕೆ ಉಪ್ಪು ಹಾಕಲ್ವಾ ನಾವು? ಅದಕ್ಕೆ ಒಳ್ಳೇದಾದ್ರೆ ಇದಕ್ಕೂ ಆಗತ್ತೆ ಅಂದ್ಕೊಂಡೆ."

ನನಗೆ ನಗು ಬಂತು. ಒಂದು ತಿಂಗಳ ಪತ್ತೇದಾರಿ ಕೆಲಸ ಈ ನೀಲಿ ಟಬ್ಬಿನಲ್ಲಿ ಮುಗಿಯಿತಲ್ಲ ಅಂತ. ನಗುತ್ತಲೇ ಟಬ್ಬು ಎತ್ತಲು ಬಗ್ಗಿ ನೀರಿಗೆ ಕೈ ಇಟ್ಟೆ. ಸುಟ್ಟು ಹಿಂದಕ್ಕೆಳೆದುಕೊಂಡೆ. ಒಂದು ಕ್ಷಣವೂ ಕೈ ಇಡುವ ಹಾಗಿರಲಿಲ್ಲ.

"ಅತ್ತೆ! ಇಷ್ಟು ಬಿಸಿ ನೀರಲ್ಲಿ ಕಾಲಿಟ್ಟಿದ್ದೀರಾ?"

"ಬಿಸಿ ಎಲ್ಲಿದೆಯೇ? ಉಗುರುಬೆಚ್ಚಗೂ ಇಲ್ಲ."

ಅವರ ಕಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಕೆಂಪಗೆ ಬೆಂದ ಹಾಗಿತ್ತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನಲ್ಲಿ, ಎರಡು ರೂಪಾಯಿ ನಾಣ್ಯದಷ್ಟು ಬೊಬ್ಬೆ ಎದ್ದು ಒಡೆದು ಹಸಿಯಾಗಿತ್ತು.

"ಇದು ನೋಯ್ತಿಲ್ವಾ?"

"ಯಾವುದು?" ಅಂದರು ಅತ್ತೆ.

ನನ್ನ ನಗು ಅಲ್ಲಿಗೆ ನಿಂತಿತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬಗ್ಗಿ ಅಂಗಾಲು ನೋಡಿಕೊಳ್ಳುವ ವಯಸ್ಸಲ್ಲ, ಮುಟ್ಟಿದರೂ ತಿಳಿಯುತ್ತಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಕಾಲು ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯುವುದು, ಹತ್ತಿಯ ಮೇಲೆ ನಡೆದ ಹಾಗೆ ಅನಿಸುವುದು, ಚಪ್ಪಲಿ ಕಾಲಿಂದ ಜಾರಿದರೂ ತಿಳಿಯದೆ ಮುಂದೆ ಹೋಗುವುದು, ಎಲ್ಲವೂ ಒಂದು ವರ್ಷದಿಂದ ಇತ್ತಂತೆ. ಗೋಡೆ ಹಿಡಿದು ನಡೆಯುತ್ತಿದ್ದದ್ದು ಅದಕ್ಕೇ.

"ಯಾಕೆ ಹೇಳಲಿಲ್ಲ ಅತ್ತೆ?"

ಅವರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ಮಾವನಿಗೂ ಉರಿ ಅಂತಲೇ ಶುರುವಾಗಿದ್ದು" ಅಂದರು.

ಮಾವನವರ ಕಥೆ ಮನೆಯವರಿಗೆಲ್ಲ ಗೊತ್ತು. ಮೊದಲು ಒಂದು ಬೆರಳು ತೆಗೆದರು. ಆರು ತಿಂಗಳಿಗೆ ಪಾದ ತೆಗೆದರು. ಅದಾದ ಒಂದೂವರೆ ವರ್ಷಕ್ಕೆ ಅವರೇ ಹೋದರು. ಅತ್ತೆಯ ಲೆಕ್ಕದಲ್ಲಿ ಅವರನ್ನು ಕರೆದುಕೊಂಡು ಹೋದದ್ದು ಕಾಯಿಲೆಯಲ್ಲ, ಆಸ್ಪತ್ರೆ. ಹೇಳಿದರೆ ಕರಕೊಂಡು ಹೋಗ್ತಾರೆ, ಹೋದರೆ ಬೆರಳು ಬಿಟ್ಟು ಬರಬೇಕು. ಹೇಳದಿದ್ದರೆ ಇರುವಷ್ಟು ದಿನ ಇರುತ್ತೆ. ಕೆಲಸದವಳು ಒಂದು ದಿನ ಟಬ್ಬು ನೋಡಿ ಕೇಳಿದಾಗ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದರಂತೆ.

ಆ ರಾತ್ರಿ ಗಾಯವನ್ನು ತಣ್ಣೀರಿನಲ್ಲಿ ತೊಳೆದು, ಶುದ್ಧ ಬಟ್ಟೆ ಸುತ್ತಿ ಮಲಗಿಸಿದೆ. ಬೆಳಿಗ್ಗೆ ಡಾಕ್ಟರ ಹತ್ತಿರ ಹೊರಟಾಗ ಅತ್ತೆ ಮಾವನವರ ಫೋಟೋ ಮುಂದೆ ನಿಂತವರು ಕದಲಲೇ ಇಲ್ಲ. ಕೊನೆಗೆ ನಮ್ಮವರು "ಅಮ್ಮ, ನಾನೂ ಒಳಗೇ ಇರ್ತೀನಿ. ನನ್ನ ಕೇಳದೆ ಏನೂ ಮಾಡಲ್ಲ" ಅಂತ ಮಾತು ಕೊಟ್ಟ ಮೇಲೆ ಆಟೋ ಹತ್ತಿದರು.

ಡಾಕ್ಟರು ವಯಸ್ಸಾದವರು, ಅವಸರ ಮಾಡಲಿಲ್ಲ. ಕವೆಗೋಲನ್ನು ತಟ್ಟಿ ಹೆಬ್ಬೆರಳಿಗೆ ಹಿಡಿದು "ಅದುರೋದು ಗೊತ್ತಾಗ್ತಿದೆಯಾ ಅಮ್ಮ?" ಅಂದರು. ಅತ್ತೆ ಇಲ್ಲ ಅಂದರು. ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿನ ಒಂದೊಂದು ಕಡೆಗೆ ಒತ್ತಿ, ಕಣ್ಣು ಮುಚ್ಚಿಸಿ, "ಮುಟ್ಟಿದಾಗ ಹೂಂ ಅನ್ನಿ" ಅಂದರು. ಎಷ್ಟೋ ಕಡೆ ಅತ್ತೆ ಹೂಂ ಅನ್ನಲೇ ಇಲ್ಲ. ನಾನು ನೋಡುತ್ತಾ ನಿಂತಿದ್ದೆ. ಅವರು ಮುಟ್ಟುತ್ತಿದ್ದಾರೆ, ಇವರು ಕಾಯುತ್ತಾ ಕೂತಿದ್ದಾರೆ.

ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಗಾಯ ಮೇಲ್ಮೈಯಲ್ಲೇ ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆ 9.2 ಬಂತು. ಹೆಚ್ಚು ಕಾಲದ ಸಕ್ಕರೆಯಿಂದ ನರಗಳು ಸೋತಾಗ ಉರಿಯೂ ಬರುತ್ತೆ, ಮರಗಟ್ಟುವುದೂ ಆಗುತ್ತೆ, ಎರಡೂ ಒಟ್ಟಿಗೇ ಇರಬಹುದು ಅಂತ ಡಾಕ್ಟರು ವಿವರಿಸಿದರು. ಕಾಲು ಉರಿಯುತ್ತಿದೆ ಅಂತ ಬಿಸಿ ನೀರಲ್ಲಿ ಇಟ್ಟರೆ, ಬಿಸಿ ಎಷ್ಟೆಂದು ತಿಳಿಯದ ಕಾಲು ಬೆಂದು ಹೋಗುತ್ತೆ. ನೀರಲ್ಲಿ ಹೆಚ್ಚು ಹೊತ್ತು ನೆನೆಸಿದರೆ ಚರ್ಮ ಒಣಗಿ ಬಿರಿಯುತ್ತೆ. ಬಿರುಕಿನಿಂದ ಸೋಂಕು ಒಳಗೆ ಹೋಗುತ್ತೆ.

"ಇನ್ನೊಂದು ತಿಂಗಳು ಬಿಟ್ಟು ಬಂದಿದ್ರೆ ನಾನು ಬೇರೆ ಮಾತಾಡ್ತಿದ್ದೆ" ಅಂದರು ನನಗೆ, ಹೊರಗೆ ಬಂದಾಗ. "ಹೇಗೆ ಗೊತ್ತಾಯ್ತು ನಿಮಗೆ?"

ಮಲ್ಲಿಗೆ ಗಿಡ ಬಾಡಿತ್ತು ಡಾಕ್ಟ್ರೇ, ಅಂದೆ. ಅವರಿಗೆ ಅರ್ಥವಾಗಲಿಲ್ಲ. ವಿವರಿಸುವಷ್ಟರಲ್ಲಿ ಮುಂದಿನ ಪೇಷಂಟು ಬಂದರು.

ಗಾಯ ಮಾಯಲು ಏಳು ವಾರ ಹಿಡಿಯಿತು. ಆ ಏಳು ವಾರ ನಮ್ಮ ಮನೆಯಲ್ಲಿ ಎರಡು ಶುಶ್ರೂಷೆ ನಡೆಯಿತು. ಕಾಲಿಗೆ ಡ್ರೆಸಿಂಗ್, ಮಾತ್ರೆ, ಇನ್ಸುಲಿನ್. ಗಿಡಕ್ಕೆ ಬರೀ ನೀರು.

ಗಿಡಕ್ಕೆ ಏನಾಗಿತ್ತು ಅನ್ನುವುದು ಅಡುಗೆಮನೆ ಬಲ್ಲವರಿಗೆ ಬೇಗ ತಿಳಿಯುತ್ತೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನಕ್ಕೆ ಭರಣಿ ತುಂಬ ನೀರು ಬಿಟ್ಟು, ಹೋಳು ಮುದುಡಿಕೊಳ್ಳುತ್ತಲ್ಲ? ಉಪ್ಪು ನೀರನ್ನು ತನ್ನ ಕಡೆಗೆ ಎಳೆಯುತ್ತೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರಿನ ಸುತ್ತ ನೀರಿದ್ದರೂ ಬೇರು ಅದನ್ನು ಹೀರಲಾರದು. ಸಾಲದ್ದಕ್ಕೆ ಒಳಗೆ ಹೋದ ಅಷ್ಟಿಷ್ಟು ಉಪ್ಪು ಎಲೆಯ ತುದಿ, ಅಂಚಿನಲ್ಲಿ ಸೇರಿಕೊಂಡು ಅಲ್ಲಿಂದಲೇ ಸುಡುತ್ತಾ ಬರುತ್ತೆ. ಒದ್ದೆ ಮಣ್ಣಿನಲ್ಲಿ ಗಿಡ ಬಾಯಾರಿ ನಿಂತಿದ್ದದ್ದು ಹೀಗೆ. ಅತ್ತೆ ದಿನಕ್ಕೆ ಒಂದು ಹಿಡಿ ಹಾಕುತ್ತಿದ್ದರು. ಅದು 40 ಗ್ರಾಂ ಅಂದುಕೊಂಡರೂ 60 ದಿನಕ್ಕೆ 2 ಕೆ.ಜಿ. 400 ಗ್ರಾಂ. ಅಷ್ಟು ಉಪ್ಪು ಒಂದೇ ಮಗ್ಗುಲಿಗೆ. ನಾನು ಹಾಕಿದ ಡಿಎಪಿಯೂ ಒಂದು ಬಗೆಯ ಲವಣವೇ, ಉರಿಯುವ ಬೆಂಕಿಗೆ ತುಪ್ಪ. ತೆಂಗು ಉಪ್ಪು ತಡೆಯುವ ಮರ, ಸಮುದ್ರದ ಮಗ್ಗುಲಲ್ಲೇ ಬೆಳೆಯುವಂಥದ್ದು. ಮಲ್ಲಿಗೆಗೆ ಆ ಗಟ್ಟಿತನವಿಲ್ಲ.

ನರ್ಸರಿ ಹುಡುಗ ಹೇಳಿಕೊಟ್ಟಂತೆ ಮೊದಲು ಬಿಳಿ ಕಟ್ಟಿದ್ದ ಮೇಲ್ಮಣ್ಣನ್ನು ಮೂರು ಬೆರಳಷ್ಟು ಆಳಕ್ಕೆ ಕೆರೆದು ಹೊರಗೆ ಹಾಕಿದೆ. ಆಮೇಲೆ ಪೈಪನ್ನು ಸಣ್ಣಗೆ ಬಿಟ್ಟು ಆ ಮಗ್ಗುಲಿಗೆ ಅರ್ಧ ಗಂಟೆ ನಿಧಾನವಾಗಿ ಸಿಹಿನೀರು ಹಾಯಿಸಿದೆ. ಉಪ್ಪು ಕರಗಿ ಬೇರಿನಿಂದ ಕೆಳಕ್ಕೆ ಇಳಿಯಬೇಕು, ಅದಕ್ಕೆ. ನೀರು ನಿಲ್ಲದೆ ಇಂಗಿ ಹೋಗುವ ಜಾಗವಾದರೆ ಮಾತ್ರ ಇದು ಫಲಿಸುತ್ತೆ. ನಮ್ಮದು ಕೆಮ್ಮಣ್ಣು, ನೀರು ಬೇಗ ಇಂಗುತ್ತೆ. ಮೂರು ದಿನ ಬಿಟ್ಟು ಮತ್ತೆ, ಹಾಗೆ ನಾಲ್ಕು ಸಲ. ನಡುವೆ ಎರಡು ಹಿಡಿ ಜಿಪ್ಸಂ ಬೆರೆಸಿದೆ. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿಕೊಂಡ ಸೋಡಿಯಂ ಅನ್ನು ಬಿಡಿಸುತ್ತೆ, ಬಿಟ್ಟಿದ್ದನ್ನು ನೀರು ಕೊಚ್ಚಿಕೊಂಡು ಹೋಗುತ್ತೆ. ಕೊನೆಗೆ ಹಳೇ ಎಲೆಗೊಬ್ಬರ ಹರಡಿದೆ. ಪೂರ್ತಿ ಒಣಗಿದ ಕಡ್ಡಿಗಳನ್ನು ಮಾತ್ರ ಕತ್ತರಿಸಿದೆ. ಉಗುರಿನಿಂದ ಗೀರಿದರೆ ಒಳಗೆ ಹಸಿರು ಕಂಡ ಕಡ್ಡಿಯನ್ನು ಹಾಗೇ ಬಿಟ್ಟೆ.

ಯುಗಾದಿಗೆ ಕಾಂಪೌಂಡ್ ಕಡೆಯ ಕೊಂಬೆಗಳು ಒಂದು ಹಿಡಿಯಷ್ಟು ಹೂ ಕೊಟ್ಟವು. ಅತ್ತೆ ಕಾಲು ಚಾಚಿ ಕೂತು ಒಂದು ಗೇಣು ಮಾಲೆ ಕಟ್ಟಿದರು. ಮಾವನವರ ಫೋಟೋಗೆ ಅಷ್ಟೇ. ದೇವರಿಗೆ ಆ ವರ್ಷ ಸೇವಂತಿಗೆ.

ಏಪ್ರಿಲ್ ಕೊನೆಯಲ್ಲಿ ಎರಡು ಒಳ್ಳೇ ಮಳೆ ಬಿತ್ತು. ನಾನು ನಾಲ್ಕು ಸಲ ಹಾಯಿಸಿದ ಪೈಪಿನ ನೀರಿಗಿಂತ ಆ ಎರಡು ಮಳೆ ಹೆಚ್ಚು ಕೆಲಸ ಮಾಡಿರಬೇಕು. ಜೂನ್ ಹೊತ್ತಿಗೆ ಬಚ್ಚಲುಮನೆ ಮಗ್ಗುಲಿನಲ್ಲಿ ಮೂರು ಕಡೆ ಚಿಗುರು ಕಂಡಿತು. ಎರಡು ದಪ್ಪ ಕೊಂಬೆಗಳು ಮಾತ್ರ ಚಿಗುರಲೇ ಇಲ್ಲ. ಅವನ್ನು ಬುಡಕ್ಕೆ ಕತ್ತರಿಸಬೇಕಾಯಿತು. ಗಿಡ ಈಗ ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತೆ. ಅತ್ತೆಯ ಕಾಲಿಗೂ ಮೊದಲಿನ ಸ್ಪರ್ಶ ಬಂದಿಲ್ಲ, ಬರುವುದು ಕಷ್ಟ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಹತ್ತು ಬೆರಳೂ ಇವೆ.

ಕೆಲಸದವಳ ಹತ್ತಿರ ತಪ್ಪಾಯ್ತು ಅಂದೆ. "ನಾನೇ ಹೇಳಬೇಕಿತ್ತು ಅಕ್ಕ, ಆಣೆ ಹಾಕಿಸ್ಕೊಂಡಿದ್ರು" ಅಂತ ಅವಳೇ ಕಣ್ಣೀರು ಹಾಕಿದಳು. ಆ ದಿನದಿಂದ ಅವಳೂ ಅತ್ತೆಯ ಕಾವಲುಗಾರ್ತಿ. ಬರಿಗಾಲಲ್ಲಿ ಅಂಗಳಕ್ಕೆ ಇಳಿದರೆ ಬೀದಿಗೆ ಕೇಳುವ ಹಾಗೆ ಕೂಗುತ್ತಾಳೆ.

ಇದನ್ನು ಓದುವ ನಿಮ್ಮ ಮನೆಯಲ್ಲೂ ಗಿಡ ಬಾಡಿದ್ದರೆ, ಔಷಧಿ ಹುಡುಕುವ ಮೊದಲು ನಾಲ್ಕು ಹೆಜ್ಜೆ ಹಿಂದೆ ನಿಂತು ಇಡೀ ಗಿಡ ನೋಡಿ. ಎಲ್ಲ ಕಡೆಯೂ ಬಾಡಿದೆಯೋ, ಒಂದೇ ಕಡೆಯೋ? ಹಳೇ ಎಲೆಯೋ, ಹೊಸದೋ? ಮಣ್ಣು ಒಣಗಿದೆಯೋ, ಒದ್ದೆಯೋ? ಮೇಲೆ ಬಿಳಿ ಕಟ್ಟಿದೆಯೋ? ಕಾರಣ ಗೊತ್ತಾಗುವ ತನಕ ಗೊಬ್ಬರ ಹಾಕಬೇಡಿ. ಹೆಚ್ಚು ಗಿಡಗಳಿದ್ದು ಅನುಮಾನ ಬಂದರೆ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಣ್ಣು ಪರೀಕ್ಷೆ ಮಾಡಿಸಬಹುದು.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ಅಂಗಾಲನ್ನೂ ನೋಡಿ. ಅವರು ಹೇಳುತ್ತಾರೆ ಅಂತ ಕಾಯಬೇಡಿ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳದಿರುವುದಕ್ಕೆ ಅವರದೇ ಕಾರಣಗಳಿರುತ್ತವೆ. ನಾನು ಒಂದು ತಿಂಗಳು ಎಲೆಗಳನ್ನು ಮಗುಚಿ ಮಗುಚಿ ನೋಡಿದೆ. ಅದೇ ಗಿಡದ ಪಕ್ಕ ನಿಂತಿದ್ದವರ ಕಾಲು ನೋಡಲಿಲ್ಲ.

ಈಗ ನಮ್ಮಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಒಂದು ಕೆಲಸ ಕಡ್ಡಾಯ. ಅತ್ತೆ ಸೋಫಾದಲ್ಲಿ ಕೂತು ಎಂಸಿಆರ್ ಚಪ್ಪಲಿ ಕಳಚುತ್ತಾರೆ. ನಾನು ಕೆಳಗೆ ಕೂತು ಒಂದೊಂದೇ ಪಾದ ಎತ್ತಿ, ಬೆರಳ ಸಂದು, ಹಿಮ್ಮಡಿ, ಅಂಗಾಲು ನೋಡಿ, ಒಣಗಿದ ಕಡೆ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಬೆರಳ ಸಂದಿಗೆ ಮಾತ್ರ ಎಣ್ಣೆ ಇಲ್ಲ, ಅಲ್ಲಿ ಒದ್ದೆ ಉಳಿಯಬಾರದು. ಮೊದಮೊದಲು ಸೊಸೆ ಕೈಯಲ್ಲಿ ಕಾಲು ಹಿಡಿಸಿಕೊಳ್ಳೋದಾ ಅಂತ ಅತ್ತೆಗೆ ಮುಜುಗರ. ಈಗ ಅಭ್ಯಾಸವಾಗಿದೆ. ನಾನು ಮರೆತರೆ ಅವರೇ ಕಾಲು ಮುಂದೆ ಚಾಚಿ ಕೂತಿರುತ್ತಾರೆ.

ನವೆಂಬರ್ ಮುಗಿಯುತ್ತಾ ಬಂತು. ನಿನ್ನೆ ಗಿಡ ಸವರಿದೆವು. ಅತ್ತೆ ಚಪ್ಪಲಿ ಹಾಕಿಕೊಂಡು, ಕುರ್ಚಿಯಲ್ಲಿ ಕೂತು, "ಅದಲ್ಲ, ಅದರ ಪಕ್ಕದ್ದು. ಅಯ್ಯೋ, ಅಷ್ಟು ಕೆಳಗೆ ಬೇಡ" ಅಂತ ಒಂದೊಂದು ಕಡ್ಡಿಗೂ ಸಲಹೆ ಕೊಟ್ಟರು. ಮತ್ತೆ ಮೊದಲಿನ ಹಾಗೆ ನೂರು ಸಲಹೆ. ಸಂಜೆ ಅವರ ಬಲಗಾಲಿನ ಹಳೇ ಗಾಯದ ಜಾಗವನ್ನು ದೀಪಕ್ಕೆ ಹಿಡಿದು ಸ್ವಲ್ಪ ಹೆಚ್ಚು ಹೊತ್ತೇ ನೋಡಿದೆನೇನೋ.

"ಸಾಕು ಬಿಡೇ, ಚಿಗುರೇನು ಬರಲ್ಲ ಅಲ್ಲಿ" ಅಂದರು ಅತ್ತೆ. "ಎದ್ದು ಕುಕ್ಕರ್ ಇಡು, ಅವನು ಬರೋ ಹೊತ್ತಾಯ್ತು."